ನೀರಜ್ಜಿ ಮನೆ

“ಏಳನೇ ಕ್ಲಾಸಲ್ಲಿ ಬೋರ್ಡಿನ ಮೇಲೆ ಬರೆದಿದ್ದೇ ಇವ್ನ ತಲೆಗೆ ಹೋಗ್ತಿರ್ಲಿಲ್ಲ. ಈಗ ಟೀವಿ ನೋಡಿ, ಮಕ್ಳಿಗೆ ಯಾವ್ದು ಒಳ್ಳೇದು ಯಾವ್ದು ಕೆಟ್ಟದ್ದು ಅಂತ ತೀರ್ಪು ಕೊಡಾಕೆ ಬಂದವ್ನೆ.”

ಪ್ರಸನ್ನ ಕುಮಾರ್ ಮೇಷ್ಟ್ರು ಇಷ್ಟು ಹೇಳಿ ಕುರ್ಚಿಗೆ ಒರಗಿದರು. ಅಂಗನವಾಡಿಯ ಚಾಪೆಯ ಮೇಲೆ ಕೂತಿದ್ದ ತಾಯಂದಿರೆಲ್ಲ ನಕ್ಕರು. ಕೆಲವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಕೆಲವರಿಗೆ ಅಷ್ಟು ಮರ್ಯಾದೆಯೂ ಬೇಕೆನಿಸಲಿಲ್ಲ. ಬಾಗಿಲ ಹತ್ತಿರ ಗೋಡೆಗೆ ಆತು ನಿಂತಿದ್ದ ನನ್ನ ಅಕ್ಕ ವನಜಾ ಮಾತ್ರ ನಗಲಿಲ್ಲ, ನೆಲ ನೋಡಿದಳು. ಅವರ ನಗುವಿಗಿಂತ ಅವಳು ನೆಲ ನೋಡಿದ್ದೇ ನನಗೆ ಹೆಚ್ಚು ಉರಿಯಿತು.

ನಾನೇನು ಊರು ಮುಳುಗುವಂಥದ್ದು ಕೇಳಿರಲಿಲ್ಲ. ಟೀವಿಯಲ್ಲಿ ಹಾಕುವ ಆ ನೀರಜ್ಜಿಯ ಕಾರ್ಟೂನು ಸಣ್ಣ ಮಕ್ಕಳಿಗೆ ಬೇಡ, ಬೇರೆ ಯಾವುದಾದರೂ ಹಾಕಿ ಎಂದಿದ್ದೆ. ಅಷ್ಟೇ.

ಟೀವಿ ಮೇಷ್ಟ್ರು ಕೊಟ್ಟಿದ್ದು. ತೀರಿಹೋದ ತಮ್ಮ ತಂದೆ ಗಂಗಹನುಮಯ್ಯನವರ ನೆನಪಿಗೆ ಅಂಗನವಾಡಿಗೆ ದೊಡ್ಡದೊಂದು ಟೀವಿ ತಂದು ಗೋಡೆಗೆ ಹೊಡೆಸಿದ್ದರು. ಕೆಳಗೆ ತಂದೆಯ ಹೆಸರಿನ ಹಿತ್ತಾಳೆ ಫಲಕ, ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ ತಮ್ಮ ಹೆಸರು. ನೋಡಲು ಏನಾದರೂ ಬೇಕಲ್ಲ ಎಂದು ಪೆನ್‌ಡ್ರೈವಿನಲ್ಲಿ ಕಾರ್ಟೂನುಗಳನ್ನೂ ತುಂಬಿಕೊಟ್ಟಿದ್ದರು. ಎಲ್ಲಿಂದ ತುಂಬಿದರೋ, ಯಾರು ಮಾಡಿದ್ದೋ ಗೊತ್ತಿಲ್ಲ, ಹೆಸರೂ ಇಲ್ಲ ಊರೂ ಇಲ್ಲ. ಮಕ್ಕಳು ಅದರಲ್ಲಿ ಒಂದನ್ನೇ ಹಿಡಿದುಬಿಟ್ಟವು. ಬೇರೆ ಹಾಕಿದರೆ ಅಳು.

ಆ ಕಾರ್ಟೂನಿನಲ್ಲಿ ಪುಟ್ಟಕ್ಕ ಎಂಬ ಹುಡುಗಿ. ಎರಡು ಜಡೆ, ತಟ್ಟೆಯಷ್ಟಗಲ ಕಣ್ಣು. ಅವಳ ಅಮ್ಮನಿಗೆ ಕೆಲಸ, ಯಾರೂ ಆಡಿಸುವವರಿಲ್ಲ. ಒಂದು ನೀಲಿ ಕೊಳದ ದಂಡೆಗೆ ಬಂದು ಸಪ್ಪಗೆ ಕೂರುತ್ತಾಳೆ. ಆಗ ನೀರಿನೊಳಗಿಂದ ಒಬ್ಬ ಅಜ್ಜಿ ಭುಜದವರೆಗೆ ಮೇಲೆ ಬರುತ್ತಾಳೆ. ಅರಿಶಿನ ಬಳಿದ ಮುಖ, ಕಾಸಿನಗಲ ಕುಂಕುಮ, ದೊಡ್ಡ ಮೂಗುತಿ, ನೀರಿನ ಮೇಲೆ ಹರಡಿಕೊಂಡ ಬಿಳಿಗೂದಲು. ಅಜ್ಜಿ ಹಾಡುತ್ತಾಳೆ.

ಜಾರಿ ಬಾ ಜಾರಿ ಬಾ ಪುಟ್ಟಕ್ಕ
ನೀರಜ್ಜಿ ಮಡಿಲು ಮೆತ್ತಕ್ಕ

ಪುಟ್ಟಕ್ಕ ಎರಡೂ ಕೈ ತಲೆಯ ಮೇಲಿಟ್ಟು, ಕಣ್ಣು ಮುಚ್ಚಿ, ದಂಡೆಯಿಂದ ಜಾರುಬಂಡೆ ಜಾರಿದ ಹಾಗೆ ನೀರಿಗೆ ಜಾರುತ್ತಾಳೆ. ನೀರು ಮುಚ್ಚಿಕೊಳ್ಳುತ್ತದೆ. ಗುಳ್ಳೆ ಏಳುತ್ತವೆ, ಒಂದೊಂದು ಗುಳ್ಳೆಯೊಳಗೂ ಒಂದೊಂದು ಮಿಠಾಯಿ. ಚಪ್ಪಾಳೆಯ ಸದ್ದು. ಮುಗಿಯಿತು.

ನಾನು ಇದನ್ನು ಮೊದಲು ಟೀವಿಯಲ್ಲಿ ನೋಡಿದವನಲ್ಲ. ನಮ್ಮ ಹಿತ್ತಿಲಲ್ಲಿ ನೋಡಿದೆ. ಅಕ್ಕನ ಮಗಳು ಹರ್ಷಿತಾ ದನಕ್ಕೆ ನೀರಿಡುವ ಕಲ್ಲುಬಾನಿಯ ಅಂಚಿನ ಮೇಲೆ ಕೂತಿದ್ದಳು. ಕೈ ಎರಡೂ ತಲೆಯ ಮೇಲೆ. ಕಣ್ಣು ಮುಚ್ಚಿದ್ದವು. ಬಾಯಲ್ಲಿ ಹಾಡು. ಓಡಿಹೋಗಿ ಎತ್ತಿಕೊಂಡೆ. ಬಿದ್ದುಬಿಡುತ್ತಿದ್ದೆನಲ್ಲ ಎಂಬ ಹೆದರಿಕೆಗೆ ಅವಳು ಅಳಲಿಲ್ಲ. ನಾನು ತಡೆದೆನಲ್ಲ ಎಂದು ಅತ್ತಳು, ನನ್ನ ಎದೆಗೆ ಗುದ್ದಿ ಗುದ್ದಿ.

ಇದನ್ನೇ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಹೇಳಿದ್ದೆ. ಮೇಷ್ಟ್ರು ಸಮಿತಿಗೆ ಏನೂ ಅಲ್ಲ. ಆದರೆ ಟೀವಿ ಕೊಟ್ಟ ಮೇಲೆ ಕುರ್ಚಿ ಅವರದೇ. ಅವರು ನನ್ನನ್ನು ನಿಲ್ಲಿಸಿಕೊಂಡು ಕ್ಲಾಸಿನಲ್ಲಿ ಕೇಳುತ್ತಿದ್ದ ಹಾಗೇ ಕೇಳಿದರು.

“ಅದ್ರಲ್ಲಿ ಹೊಡೆದಾಟ ಬಡಿದಾಟ ಐತಾ?”

“ಇಲ್ಲ ಸಾ.”

“ಲವ್ವು ಗಿವ್ವು?”

“ಇಲ್ಲ.”

“ಇಂಗ್ಲಿಷಾ, ಹಿಂದೀನಾ?”

“ಕನ್ನಡ.”

“ಮತ್ತಿನ್ನೇನು ನಿಂದು? ಅಪ್ಪಟ ನಮ್ಮ ಸಂಸ್ಕೃತಿ ಐತೆ ಅದ್ರಲ್ಲಿ. ಬೆಂಗ್ಳೂರಲ್ಲಿ ಮಕ್ಳು ಏನೇನು ನೋಡ್ತವೆ ಗೊತ್ತಾ ನಿಂಗೆ?”

ಮೂಲೆಯಲ್ಲಿ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಕೊಲ್ಲಾಪುರಮ್ಮಜ್ಜಿ ಬಾಯಿ ಹಾಕಿತು. “ಗಂಗಮ್ಮ ತಾಯಿ ಕಣ್ಲಾ ಅವ್ಳು. ಮೂಗುತಿ ನೋಡು, ಅರಿಶಿನ ನೋಡು. ನಾವು ಹೊಳೆದಂಡೇಲಿ ಇಂಗೇ ಅಲ್ವಾ ಗಂಗಮ್ಮನ ಮಾಡಾದು? ಬೇಡ ಅನ್ನಬ್ಯಾಡ, ನಾಲಿಗೆ ಬಿದ್ದೋಗ್ತದೆ.” ಟೀವಿಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ್ದೂ ಇದೇ ಅಜ್ಜಿ. ದಿನಾ ಮೊಮ್ಮಗನನ್ನು ಬಿಡಲು ಬಂದಾಗ ಅದಕ್ಕೊಂದು ಕೈ ಮುಗಿದು ಹೋಗುತ್ತಿತ್ತು.

“ಆ ಮಗ ನೀರಿಗೆ ಬೀಳ್ತೈತೆ ಕಣಜ್ಜಿ,” ಅಂದೆ.

“ಬೀಳಲ್ಲ ಕಣೋ,” ಎಂದರು ಮೇಷ್ಟ್ರು. “ಗಂಗಮ್ಮ ಕರ್ಕಂತಾಳೆ.”

“ಗಂಗಮ್ಮ ಕರ್ಕಂಡ್ಲು ಅಂತ ನಮ್ಮೂರಲ್ಲಿ ಯಾವಾಗ ಅಂತಾರೆ, ಸಾ? ನೀವೇ ಹೇಳಿ.”

ನೀರಿಗೆ ಬಿದ್ದು ಯಾರಾದರೂ ಸತ್ತಾಗಲೇ ಹಾಗನ್ನುವುದು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಪ್ರಶ್ನೆಯನ್ನು ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಅದಕ್ಕೇ ಏಳನೇ ಕ್ಲಾಸಿನ ಮಾತು ಎತ್ತಿದರು. ನಗು ಬಂತು, ಪ್ರಶ್ನೆ ಹೋಯಿತು. ಆಮೇಲೆ ಕಾರ್ಟೂನು ಇರಲಿ ಎನ್ನುವವರು ಕೈ ಎತ್ತಿ ಎಂದರು. ಎಲ್ಲ ಕೈಗಳೂ ಎದ್ದವು. ಟೀಚರ್ ಲಕ್ಷ್ಮೀದೇವಿ ಅರ್ಧ ಎತ್ತಿದರು. ಕೊನೆಗೆ ಬಾಗಿಲ ಹತ್ತಿರದ ಕೈಯೂ ಎದ್ದಿತು. ಅಕ್ಕನದು.

*

“ನಾನು ಅಲ್ಲಿ ಸಹಾಯಕಿ ಕಣ್ಲಾ,” ಎಂದಳು ಅಕ್ಕ, ಮನೆಗೆ ಬರುತ್ತಾ. “ಅವ್ರು ಒಂದು ಮಾತು ಹೇಳಿದ್ರೆ ನನ್ನ ತೆಗೆದು ಬೇರೆಯವ್ಳನ್ನ ಹಾಕ್ತಾರೆ. ನಿನ್ನ ಪಂಚರ್ ಅಂಗಡಿ ನಂಬ್ಕಂಡು ನಾನು ಮಗೂನ ಸಾಕಾಕಾಯ್ತದಾ?”

“ಮಗು ಇದ್ರೆ ತಾನೇ ಸಾಕೋದು.”

ಅವಳು ನಿಂತುಬಿಟ್ಟಳು. “ಏನಂದೆ?”

ನಾನು ಮುಂದೆ ನಡೆದೆ. ಭಾವ ಸಿರಾ ಕಡೆ ಲಾರಿ ಓಡಿಸುತ್ತಾ ತಿಂಗಳಿಗೊಮ್ಮೆ ಮುಖ ತೋರಿಸುವವನು. ಹರ್ಷಿತಾ ಹುಟ್ಟಿದಾಗಿನಿಂದ ನನ್ನ ತೋಳ ಮೇಲೇ ಬೆಳೆದಿದ್ದಾಳೆ. ನನಗೆ ಮುಂಗೋಪ, ನಿಜ. ಐ.ಡಿ.ಹಳ್ಳಿಯ ಅಂಗಡಿಯಲ್ಲೂ ಗಿರಾಕಿಗಳ ಜೊತೆ ಜಗಳ ಆಡುತ್ತೇನೆ. ಆದರೆ ಈ ಸಿಟ್ಟು ಅಂಥದ್ದಲ್ಲ. ಕಲ್ಲುಬಾನಿಯ ಅಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಮಗು ನನ್ನ ಕಣ್ಣೆದುರಿಂದ ಹೋಗುತ್ತಿರಲಿಲ್ಲ.

ಮೇಷ್ಟ್ರು ಆ ಕಾರ್ಟೂನನ್ನು ತಾಯಂದಿರ ಗ್ರೂಪಿಗೂ ಹಾಕಿದ್ದರು. ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅಕ್ಕನ ಫೋನಿನಿಂದ ಕಳಿಸಿಕೊಂಡಿದ್ದನ್ನು ಹಾಕಿದೆ. ಒಂದು ಭಾಗ ಮುಗಿದರೆ ಇನ್ನೊಂದು. ಪ್ರತಿ ಸಲವೂ ಪುಟ್ಟಕ್ಕ ಜಾರುತ್ತಾಳೆ, ನೀರು ಮುಚ್ಚಿಕೊಳ್ಳುತ್ತದೆ, ಮಿಠಾಯಿ ಗುಳ್ಳೆ. ಮುಂದಿನ ಭಾಗದಲ್ಲಿ ಮತ್ತೆ ದಂಡೆಯ ಮೇಲೆ ಒಣಬಟ್ಟೆಯಲ್ಲಿ ಒಬ್ಬಳೇ ಕೂತಿರುತ್ತಾಳೆ. ನಾನು ಹಿಂದಕ್ಕೆ ಮುಂದಕ್ಕೆ ಎಳೆದೆಳೆದು ನೋಡಿದೆ. ಅವಳು ಮೇಲೆ ಬರುವುದನ್ನು ಎಲ್ಲೂ ತೋರಿಸುವುದಿಲ್ಲ. ಒಂದು ಸಲವೂ ಇಲ್ಲ. ಮಾಡಿದವರಿಗೆ ಅದು ಬೇಡವೆನಿಸಿತೋ, ಮರೆತೇ ಹೋಯಿತೋ. ನೋಡುವ ಮಕ್ಕಳಿಗೆ ಮಾತ್ರ ಇಳಿಯುವುದು ಗೊತ್ತು, ಏರುವುದು ಗೊತ್ತಿಲ್ಲ.

ಪಕ್ಕದ ಟೀ ಅಂಗಡಿಯ ಮೋಹನ್ ಕುಮಾರ್ ಭುಜದ ಮೇಲಿಂದ ಇಣುಕಿದ. “ಏನ್ಲಾ ರಂಗೇಶ, ಬೊಂಬೆ ನೋಡ್ತಾ ಕುಂತಿದೀಯ? ಮದ್ವೆ ಮಾಡ್ಕ ಹೋಗು, ನಿಂದೇ ಮಗ ಆಡಿಸ್ವಂತೆ.”

ನಾನು ಫೋನು ಜೇಬಿಗಿಟ್ಟೆ.

*

ಆ ವಾರ ಮಳೆ ಹೊಯ್ಯಿತು. ಮೇಷ್ಟ್ರ ಹೊಲದ ಕೃಷಿ ಹೊಂಡ ಮೊದಲ ಸಲ ತುಂಬಿತು. ಅಂಗನವಾಡಿಯ ಹಿಂದೆ ಒಂದು ಕತ್ತಾಳೆ ಬೇಲಿ, ಅದರಾಚೆ ಅವರ ಕಡಲೆಕಾಯಿ ಹೊಲ, ಹೊಲದ ತುದಿಗೆ ಹೊಂಡ. ನೀರು ಇಂಗದಿರಲಿ ಎಂದು ತಳಕ್ಕೂ ನಾಲ್ಕೂ ದಂಡೆಗೂ ಟಾರ್ಪಾಲು ಹೊದಿಸಿದ್ದರು. ಹೊಸದು, ನೀಲಿ, ಎಣ್ಣೆ ಸವರಿದ ಹಾಗೆ ನುಣುಪು.

ನೀರು ತುಂಬಿದರೆ ನಮ್ಮ ಕಡೆ ಗಂಗಮ್ಮನ ಪೂಜೆ ಮಾಡದೆ ಬಿಡುವುದಿಲ್ಲ. ದಂಡೆಯ ಮೇಲೆ ಮೂರು ಕಲ್ಲು ನೆಟ್ಟು, ಅರಿಶಿನ ಬಳಿದು, ತಂಬಿಟ್ಟಿನ ಆರತಿ ಬೆಳಗಿ, ಚಿಕ್ಕ ಮಕ್ಕಳಿಗೆ ಹಂಚುವುದು. ಮಕ್ಕಳು ತಿಂದರೆ ಗಂಗಮ್ಮ ತಿಂದ ಹಾಗೆ. ಶುಕ್ರವಾರ ಬೆಳಿಗ್ಗೆ ಅಂಗನವಾಡಿಯ ಮಕ್ಕಳನ್ನೆಲ್ಲ ಸಾಲಾಗಿ ಕರೆದುಕೊಂಡು ಬಂದರು. ಮುಂದೆ ಲಕ್ಷ್ಮೀದೇವಿ ಟೀಚರ್, ಹಿಂದೆ ಅಕ್ಕ. ನಾನು ಅಂಗಡಿ ತೆಗೆಯದೆ ಅಲ್ಲಿಗೇ ಹೋಗಿ ನಿಂತೆ.

ಏರಿ ಹತ್ತಿದ ಕೂಡಲೇ ಮಕ್ಕಳು ಮಾತು ನಿಲ್ಲಿಸಿದವು. ಎಲ್ಲವೂ ಒಟ್ಟಿಗೆ. ನೀಲಿ ದಂಡೆ, ನೀಲಿ ನೀರು. ಹರ್ಷಿತಾ ನಿಧಾನಕ್ಕೆ ಕೈ ಎತ್ತಿ ತೋರಿಸಿದಳು.

“ನೀರಜ್ಜಿ ಮನೆ.”

“ನೀರಜ್ಜಿ ಮನೆ,” ಎಂದಿತು ಇನ್ನೊಂದು ಮಗು. ಆಮೇಲೆ ಎಲ್ಲವೂ, ದೇವಸ್ಥಾನದಲ್ಲಿ ಮಾತಾಡುವ ಹಾಗೆ ಪಿಸುಗುಟ್ಟಿದವು.

ಕೊಲ್ಲಾಪುರಮ್ಮಜ್ಜಿಯ ಕಣ್ಣಲ್ಲಿ ನೀರು ಬಂತು. “ನೋಡ್ರವ್ವ, ಮಕ್ಳ ಬಾಯಲ್ಲಿ ತಾಯಿ ಹೆಸ್ರು ಹೆಂಗೆ ಬತ್ತದೆ.”

ಮೇಷ್ಟ್ರು ಫೋನು ತೆಗೆದರು. “ಹಾಡ್ರಪ್ಪ, ಆ ಹಾಡು ಹಾಡಿ. ಗಂಗಮ್ಮನ ಮುಂದೆ ಹಾಡಿ.” ಮಕ್ಕಳು ಹಾಡಿದವು. ಹಾಡುತ್ತಾ ಹಾಡುತ್ತಾ ಪುಟ್ಟ ಕೈಗಳೆಲ್ಲ ತಲೆಯ ಮೇಲೆ ಹೋದವು. ಮೇಷ್ಟ್ರು ನಗುತ್ತಾ ವಿಡಿಯೋ ಮಾಡಿಕೊಂಡರು. ನಾನು ಮಕ್ಕಳಿಗೂ ನೀರಿಗೂ ನಡುವೆ ಬಂದು ನಿಂತೆ.

“ಅಡ್ಡ ನಿಂತ್ಕಬ್ಯಾಡ್ವೋ, ಫ್ರೇಮಿಗೆ ಬತ್ತಿದೀಯ.”

“ಸಾ, ಇದಕ್ಕೆ ಬೇಲಿ ಹಾಕ್ಸಿ.”

“ಹಾಕ್ಸೋಣ ಕಣೋ. ಮಳೆ ನಿಲ್ಲಲಿ, ಕಂಬ ನೆಡಾಕೆ ನೆಲ ಗಟ್ಟಿಯಾಗ್ಲಿ.”

“ಅಲ್ಲೀತಂಕ ಆ ಕಾರ್ಟೂನು ನಿಲ್ಸಿ.”

“ಒಳ್ಳೆ ಹೊತ್ತಲ್ಲಿ ಅಪಶಕುನ ನುಡೀಬ್ಯಾಡ, ಹೋಗತ್ತಾಗೆ,” ಎಂದು ಕೊಲ್ಲಾಪುರಮ್ಮಜ್ಜಿ ನನ್ನನ್ನು ಗದರಿತು. ಮೇಷ್ಟ್ರು ವಿಡಿಯೋ ಸರಿಯಾಗಿ ಬಂತೇ ಎಂದು ನೋಡಿಕೊಳ್ಳತೊಡಗಿದರು. ತಂಬಿಟ್ಟು ಹಂಚುವಾಗ ಪ್ರತಿಯೊಂದು ಮಗುವೂ ಅದನ್ನು ಕೈಯಲ್ಲಿ ಹಿಡಿದು, ತಿನ್ನದೆ, ನೀರಿನ ಕಡೆಗೇ ನೋಡುತ್ತಿತ್ತು. ಇದು ನೀರೊಳಗಿಂದ ಬಂದದ್ದು ಎಂದೇ ಅವು ತಿಳಿದವು. ನಾನಾದರೂ ಅವುಗಳ ವಯಸ್ಸಿಗೆ ಹಾಗೇ ತಿಳಿಯುತ್ತಿದ್ದೆ.

*

ಮಂಗಳವಾರ ಮಧ್ಯಾಹ್ನ ಲಕ್ಷ್ಮೀದೇವಿ ಟೀಚರನ್ನು ಕೇಳಲು ಹೋದೆ. ಮಕ್ಕಳಿಗೆ ಮೊಟ್ಟೆ ತಿನ್ನಿಸುವ ಹೊತ್ತು. ಎಲ್ಲವೂ ಟೀವಿಯ ಮುಂದೆ ಕೂತಿದ್ದವು, ಬಾಯಿ ತೆರೆದುಕೊಂಡು. ಟೀಚರ್ ಒಂದೊಂದು ಬಾಯಿಗೂ ತುತ್ತಿಡುತ್ತಾ ಹೋಗುತ್ತಿದ್ದರು. ಬಾಯಿ ಮುಚ್ಚುತ್ತಿದ್ದವು, ಅಗಿಯುತ್ತಿದ್ದವು. ಕಣ್ಣು ಮಾತ್ರ ಅಲ್ಲಾಡುತ್ತಿರಲಿಲ್ಲ. ನೀಲಿ ಬೆಳಕು ಅವುಗಳ ಮುಖದ ಮೇಲೆ ನೀರಿನ ಹಾಗೆ ಆಡುತ್ತಿತ್ತು.

“ನಂಗೂ ಅದು ಇಷ್ಟ ಇಲ್ಲ ಕಣಪ್ಪ ರಂಗೇಶ,” ಎಂದರು ಟೀಚರ್ ಮೆತ್ತಗೆ. “ಆದ್ರೆ ಇದು ಬಂದ ಮೇಲೆ ಒಂದು ಮಗೂನೂ ಊಟ ಬಿಟ್ಟಿಲ್ಲ. ತೂಕ ಹೆಚ್ಚೈತೆ. ಹೊರಗೆ ಓಡಲ್ಲ, ಕಚ್ಚಾಡಲ್ಲ. ನಾನೂ ನಿಮ್ಮಕ್ಕ ಇಬ್ರೇ ಅಲ್ವಾ ಇರೋದು, ಎಷ್ಟು ಅಂತ ಹಿಡಿಯೋಣ?”

“ಒಂದ್ಸಲ ಆಫ್ ಮಾಡಿ ನೋಡಿ.”

ಅವರು ರಿಮೋಟು ಒತ್ತಿದರು. ಮಕ್ಕಳು ಅರಚಿಕೊಳ್ಳಲಿಲ್ಲ. ಒಂದೊಂದಾಗಿ ತಲೆ ತಿರುಗಿಸಿ ಹಿಂದಿನ ಕಿಟಕಿಯ ಕಡೆಗೆ, ಕತ್ತಾಳೆ ಬೇಲಿಯ ಕಡೆಗೆ ನೋಡಿದವು. ಟೀಚರ್ ಮತ್ತೆ ಆನ್ ಮಾಡಿದರು. ಅವರಿಗೂ ಅದು ಕಂಡಿತ್ತು ಎಂದು ನನಗೆ ಗೊತ್ತು. ಆದರೆ ಅವರು ಮುಂದಿನ ಬಾಯಿಗೆ ತುತ್ತಿಟ್ಟರು, ನಾನು ಹೊರಗೆ ಬಂದೆ.

ಅವತ್ತು ಸಂಜೆ ಅಕ್ಕ ಸೊಸೈಟಿಯ ಹತ್ತಿರ ಅಕ್ಕಿಗೆ ನಿಂತಿದ್ದಳು. ಅಂಗನವಾಡಿಯ ಬೀಗದ ಕೈ ನಮ್ಮ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ತೆಗೆದುಕೊಂಡು ಹೋದೆ. ಪೆನ್‌ಡ್ರೈವು ಕಿತ್ತುಕೊಂಡು ಬಂದುಬಿಡುವುದು ಎಂದೇ ಹೋಗಿದ್ದು. ಅಷ್ಟು ಮಾಡಿದ್ದರೆ ಸಾಕಿತ್ತು. ಆದರೆ ಒಳಗೆ ಹೋಗಿ ನಿಂತಾಗ ಆ ಹಿತ್ತಾಳೆ ಫಲಕ ಕಂಡಿತು. ದಪ್ಪ ಅಕ್ಷರದ ಹೆಸರು ಕಂಡಿತು. ಟೀವಿಯ ಮೂಲೆಯ ಕುಂಕುಮ ಕಂಡಿತು. ಚಾಪೆಯ ಮೇಲೆ ಕೂತು ನಕ್ಕವರ ಹಲ್ಲೆಲ್ಲ ಕಂಡವು. ಜೇಬಿನಲ್ಲಿ ಅಂಗಡಿಯ ಕಟಿಂಗ್ ಪ್ಲೇಯರ್ ಇತ್ತು. ಟೀವಿಯ ಹಿಂದಿದ್ದ ವೈರುಗಳನ್ನೆಲ್ಲ ಕತ್ತರಿಸಿದೆ. ಗೋಡೆಯ ಸ್ವಿಚ್ ಬೋರ್ಡನ್ನೂ ಎಳೆದು ಕಿತ್ತೆ. ಪೆನ್‌ಡ್ರೈವನ್ನು ಹೊಸಿಲ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿದೆ. ಬಾಗಿಲು ಹಾಕಿ ಬಂದು ಬೀಗದ ಕೈಯನ್ನು ಗೂಟಕ್ಕೆ ತಗುಲಿಸಿದೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

*

ಮಾರನೆಯ ದಿನ ಲಕ್ಷ್ಮೀದೇವಿ ಟೀಚರ್ ಮಧುಗಿರಿಗೆ ಮೀಟಿಂಗಿಗೆ ಹೋಗಿದ್ದರು. ಅಂಗನವಾಡಿಯಲ್ಲಿ ಅಕ್ಕ ಒಬ್ಬಳೇ. ಕಿತ್ತ ವೈರು ನೋಡಿ ಅಕ್ಕ ಮೇಷ್ಟ್ರಿಗೆ ಫೋನು ಮಾಡಿದಳಂತೆ, ಇಲಿಯೋ ಕಳ್ಳರೋ ಗೊತ್ತಿಲ್ಲ ಅಂದಳಂತೆ. ಆಮೇಲೆ ಒಲೆ ಹಚ್ಚಿ ಬೇಳೆಗೆ ಇಟ್ಟಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ನಾನು ಅಂಗಡಿಯಲ್ಲಿ ಒಂದು ಟ್ರಾಕ್ಟರ್ ಟ್ಯೂಬು ನೀರಲ್ಲಿ ಅದ್ದಿ ತೂತು ಹುಡುಕುತ್ತಿದ್ದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಆ ಗುಳ್ಳೆಗಳನ್ನು ನೋಡುತ್ತಾ ಇದ್ದ ಹಾಗೇ ಮಂಗಳವಾರದ ಕಿಟಕಿ ನೆನಪಾಯಿತು. ಟೀವಿ ಆರಿದರೆ ಮಕ್ಕಳು ಎಲ್ಲಿ ನೋಡುತ್ತವೆ ಎಂದು ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಆರಿಸಿ ಬಂದಿದ್ದೆ.

ಟ್ಯೂಬು ಅಲ್ಲೇ ಬಿಟ್ಟು ಗಾಡಿ ಹತ್ತಿದೆ. ಮೋಹನ್ ಕುಮಾರ್ ಹಿಂದಿನಿಂದ ಏನೋ ಕೂಗಿದ. ಕೇಳಿಸಲಿಲ್ಲ.

ಅಂಗನವಾಡಿಯ ಒಳಗೆ ಚಾಪೆ ಖಾಲಿ. ಅಡುಗೆ ಕೋಣೆಯಲ್ಲಿ ಕುಕ್ಕರು ಕೂಗುತ್ತಿತ್ತು, ಅಕ್ಕ ಬೆನ್ನು ಹಾಕಿ ಈರುಳ್ಳಿ ಹೆಚ್ಚುತ್ತಿದ್ದಳು. “ಮಕ್ಳೆಲ್ಲಿ?” ಎಂದೆ. “ಅಂಗಳದಲ್ಲಿ ಆಡ್ತಾ ಅವೆ, ಈಗ್ತಾನೆ ನೋಡ್ದೆ,” ಎಂದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಕತ್ತಾಳೆ ಬೇಲಿಯಲ್ಲಿ ನಾಯಿ ನುಸುಳುವಷ್ಟು ಒಂದು ಕಿಂಡಿ. ಅದರ ಮುಳ್ಳಿಗೆ ಒಂದು ಕೆಂಪು ರಿಬ್ಬನ್ನು ಸಿಕ್ಕಿಕೊಂಡಿತ್ತು.

ಏರಿ ಹತ್ತಿದೆ. ಮಕ್ಕಳು ಅಲ್ಲಿದ್ದವು. ಹೊಂಡದ ಅಂಚಿನಲ್ಲಿ ಸಾಲಾಗಿ ಕೂತಿದ್ದವು, ಕಾಲು ಟಾರ್ಪಾಲಿನ ಮೇಲೆ ಇಳಿಬಿಟ್ಟು, ಕೈ ತಲೆಯ ಮೇಲೆ. ಗಲಾಟೆ ಇಲ್ಲ, ತಳ್ಳಾಟ ಇಲ್ಲ. ಊಟಕ್ಕೆ ಕೂರಿಸಿದಾಗ ಕೂರುವ ಹಾಗೆ ಸರದಿ ಕಾಯುತ್ತಾ ಕೂತಿದ್ದವು. ಸಾಲಿನ ಮೊದಲಲ್ಲಿ ಒಂದು ಜಾಗ ಖಾಲಿ ಇತ್ತು.

ಕೊಲ್ಲಾಪುರಮ್ಮಜ್ಜಿಯ ಮೊಮ್ಮಗ ನನ್ನ ಕಡೆ ತಿರುಗಿದ.

“ಹರ್ಷಿತಾ ಫಸ್ಟು,” ಎಂದ. “ಆಮೇಲೆ ನಾನು.”

ನೀರು ಅಲ್ಲಾಡುತ್ತಿರಲಿಲ್ಲ.

ನಾನು ಹೇಗೆ ಬಿದ್ದೆನೋ ನೆನಪಿಲ್ಲ. ನೀರೊಳಗೆ ಕಣ್ಣು ಬಿಟ್ಟರೆ ಬರೀ ನೀಲಿ. ಕೈಗೆ ಮೊದಲು ಕೂದಲು ಸಿಕ್ಕಿತು. ಎತ್ತಿ ಹಿಡಿದುಕೊಂಡು ದಂಡೆಗೆ ಬಂದೆ. ಹತ್ತಲಾಗಲಿಲ್ಲ. ಮೊಣಕಾಲು ಊರಿದರೆ ಜಾರುತ್ತದೆ, ಉಗುರು ಊರಿದರೆ ಜಾರುತ್ತದೆ. ಮತ್ತೆ ನೀರಿಗೆ, ಮತ್ತೆ ದಂಡೆಗೆ. ಮೇಲೆ ಮಕ್ಕಳು ನಮ್ಮನ್ನು ನೋಡುತ್ತಾ ಕೂತಿದ್ದವು. ಒಂದು ಮಗು ಚಪ್ಪಾಳೆ ತಟ್ಟಿತು. ಎಲ್ಲವೂ ತಟ್ಟತೊಡಗಿದವು.

ಕೊನೆಗೆ ಹೊಂಡಕ್ಕೆ ಇಳಿಬಿಟ್ಟಿದ್ದ ಮೋಟರಿನ ಪೈಪು ಕೈಗೆ ಸಿಕ್ಕಿತು. ನನ್ನ ಕೂಗು ಕೇಳಿ ಪಕ್ಕದ ಹೊಲದಲ್ಲಿ ಕುರಿ ಬಿಟ್ಟಿದ್ದ ಅಡವಯ್ಯ ಓಡಿ ಬಂದು, ಕಂಬಳಿ ಇಳಿಬಿಟ್ಟು ನಮ್ಮಿಬ್ಬರನ್ನೂ ಎಳೆದುಕೊಂಡ. ಹರ್ಷಿತಾಳ ತುಟಿ ನೇರಳೆಯಾಗಿತ್ತು. ಅಡವಯ್ಯ ಅವಳನ್ನು ಬೋರಲು ಹಾಕಿ ಬೆನ್ನು ಒತ್ತಿದ. ನೀರು ಬಂತು. ಇನ್ನೂ ನೀರು ಬಂತು. ಆಮೇಲೆ ಒಂದು ಸಣ್ಣ ಕೆಮ್ಮು ಬಂತು.

ಮಧುಗಿರಿಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದರು. ಬದುಕುತ್ತಾಳೆ ಎಂದರು. ಸಂಜೆ ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಿದ್ದಾಗ ಅವಳು ಕಣ್ಣು ಬಿಟ್ಟಳು. ಅಕ್ಕ ಹೊರಗೆ ಔಷಧಿಗೆ ಹೋಗಿದ್ದಳು. ನಾನು ಅವಳ ಕೈ ಹಿಡಿದುಕೊಂಡಿದ್ದೆ.

“ಮಾಮ,” ಎಂದಳು. ದನಿ ಕೀರಲಾಗಿತ್ತು. “ನೀನು ಬೇಗ ಬಂದ್ಬುಟ್ಟೆ. ಅಜ್ಜಿ ಇನ್ನೂ ಕೆಳಗವ್ಳೆ.”

“ಅಲ್ಲಿ ಯಾರೂ ಇಲ್ಲ ಕಣವ್ವ.”

“ಅವ್ಳೆ. ಇನ್ನೂ ಕೆಳಕ್ಕೋದ್ರೆ ಸಿಕ್ತಾಳೆ.”

ಮತ್ತೆ ಕಣ್ಣು ಮುಚ್ಚಿದಳು, ಮುಖದಲ್ಲಿ ಒಂದು ಚೂರೂ ಭಯವಿಲ್ಲದೆ.

*

ಅವಳನ್ನು ಮನೆಗೆ ಕರೆತಂದ ಮಾರನೆಯ ದಿನವೇ ಅಂಗನವಾಡಿಯಲ್ಲಿ ಜನ ಸೇರಿದರು. ನಾನು ಬೈಯಲೆಂದೇ ಹೋದೆ. ಇವತ್ತು ಯಾರು ನಗುತ್ತಾರೋ ನೋಡಿಯೇ ಬಿಡೋಣ ಎಂದು ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಹೋದೆ.

ಒಳಗೆ ಹರ್ಷಿತಾಳನ್ನು ಮಣೆಯ ಮೇಲೆ ಕೂರಿಸಿದ್ದರು. ಕೊಲ್ಲಾಪುರಮ್ಮಜ್ಜಿ ಅವಳ ಹಣೆಗೆ ದೊಡ್ಡ ಕುಂಕುಮ ಇಟ್ಟು, ಕೆನ್ನೆಗೆ ಅರಿಶಿನ ಹಚ್ಚಿ, ಮಡಿಲಿಗೆ ತಂಬಿಟ್ಟು, ಬಾಳೆಹಣ್ಣು, ಸಕ್ಕರೆ ಮಿಠಾಯಿ ತುಂಬುತ್ತಿತ್ತು. “ಗಂಗಮ್ಮ ಮುಟ್ಟಿ ಕಳ್ಸಿದ ಮಗ ಇದು. ತಾಯಿ ಬೇಕು ಅಂದಿದ್ರೆ ಇಟ್ಕತ್ತಿರ್ಲಿಲ್ವಾ? ವಾಪಸ್ ಕೊಟ್ಲು.” ಹೆಂಗಸರು ಒಬ್ಬೊಬ್ಬರಾಗಿ ಬಂದು ಮಗುವಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಉಳಿದ ಮಕ್ಕಳು ಸುತ್ತ ನಿಂತಿದ್ದವು. ಅವು ಹರ್ಷಿತಾಳ ಮುಖ ನೋಡುತ್ತಿರಲಿಲ್ಲ. ಅವಳ ಮಡಿಲು ನೋಡುತ್ತಿದ್ದವು. ನೀರಿಗೆ ಇಳಿದವಳ ಮಡಿಲು ತುಂಬ ಮಿಠಾಯಿ. ಕಾರ್ಟೂನಿನಲ್ಲಿ ಏನು ಹೇಳಿದ್ದರೋ ಅದನ್ನೇ ಊರಿನವರು ಕಣ್ಣಮುಂದೆ ಮಾಡಿ ತೋರಿಸುತ್ತಿದ್ದರು. ಕೊಲ್ಲಾಪುರಮ್ಮಜ್ಜಿಯ ಮೊಮ್ಮಗ ಅಜ್ಜಿಯ ಸೀರೆ ಜಗ್ಗಿದ. “ನಂಗೆ ಯಾವಾಗಜ್ಜಿ?”

“ನಿಂಗೂ ಕೊಡ್ತಾಳೆ ಬುಡು ಗಂಗಮ್ಮ,” ಎಂದಿತು ಅಜ್ಜಿ.

ನಾನು ಬಾಯಿ ತೆಗೆಯುವ ಮುಂಚೆಯೇ ಮೇಷ್ಟ್ರು ಎದ್ದರು. ಅವರ ಮುಖ ಬಾಡಿತ್ತು, ಸುಳ್ಳೇಕೆ ಹೇಳಲಿ. ಆ ದಿನ ಆಸ್ಪತ್ರೆಗೆ ಕಾರು ಕೊಟ್ಟವರೂ ಅವರೇ. ಗೋಡೆಯಲ್ಲಿ ಹೊಸ ವೈರು, ಹೊಸ ಸ್ವಿಚ್ ಬೋರ್ಡು. ಟೀವಿಗೆ ಇನ್ನೊಂದು ಪೆನ್‌ಡ್ರೈವು.

“ಹೊಂಡಕ್ಕೆ ಬೇಲಿ ಹಾಕ್ಸ್ತೀನಿ, ನೆಲ ಒಂಚೂರು ಆರ್ಲಿ. ತಪ್ಪು ನಂದೂ ಐತೆ,” ಎಂದರು. “ಆದ್ರೆ ಒಂದು ಮಾತು ಕೇಳ್ತೀನಿ, ನೀವೇ ಹೇಳಿ. ಈ ಟೀವಿ ಬಂದಾಗಿಂದ ಒಂದು ದಿನಾನಾದ್ರೂ ಮಕ್ಳು ಈ ಹೊಸಿಲು ದಾಟಿದ್ವಾ?”

“ಇಲ್ಲ ಸಾ,” ಎಂದರು ಹೆಂಗಸರು.

“ಅವತ್ತು ಟೀವಿ ಇದ್ದಿದ್ರೆ ಹರ್ಷಿತಾ ಎಲ್ಲಿರ್ತಿದ್ಲು?”

“ಇಲ್ಲೇ ಕುಂತಿರ್ತಿದ್ಲು.”

“ಹಂಗಾದ್ರೆ ವೈರು ಕುಯ್ದೋನು ಯಾರು? ಆ ಮಗೂನ ನೀರಿಗೆ ತಳ್ಳಿದ್ದು ಅವ್ನು. ಕಾರ್ಟೂನಲ್ಲ.”

ಯಾರೂ ನಗಲಿಲ್ಲ. ನನ್ನ ಕಡೆ ತಿರುಗಿದವರೂ ಕಮ್ಮಿ. ಲಕ್ಷ್ಮೀದೇವಿ ಟೀಚರ್ ಕಿಟಕಿಯ ಹತ್ತಿರ ನಿಂತಿದ್ದರು. ಮಂಗಳವಾರ ನಾವಿಬ್ಬರೂ ಕಂಡದ್ದನ್ನು ಈಗಲಾದರೂ ಹೇಳುತ್ತಾರೇನೋ ಎಂದು ಅವರನ್ನೇ ನೋಡಿದೆ. ಅವರು ಕಿಟಕಿಯ ಬಾಗಿಲು ಎಳೆದು ಚಿಲಕ ಹಾಕಿದರು, ಅಷ್ಟೇ.

ಅಕ್ಕ ಅಡುಗೆ ಕೋಣೆಯಿಂದ ಬಂದಳು. ಕೈಯಲ್ಲಿ ಅಂಗನವಾಡಿಯ ಬೀಗದ ಕೈ. ಬೀಗ ಒಡೆದಿರಲಿಲ್ಲ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮೂರು ಹೊತ್ತೂ ಅವಳು ನನ್ನ ಕೈ ಹಿಡಿದುಕೊಂಡು, ನೀನಿಲ್ಲದಿದ್ದರೆ ನನ್ನ ಮಗು ಇರುತ್ತಿರಲಿಲ್ಲ ಎಂದು ಅತ್ತಿದ್ದಳು. ಈಗ ಅವಳ ಕಣ್ಣಲ್ಲಿ ನೀರಿರಲಿಲ್ಲ.

“ರಂಗ,” ಎಂದಳು. “ಗೂಟದಲ್ಲಿದ್ದ ಬೀಗದ ಕೈ ನೀನು ತಗಂಡಿದ್ದಾ?”

ಅಷ್ಟರಲ್ಲಿ ಮಕ್ಕಳು ಗಲಾಟೆ ಮಾಡಿದವೆಂದು ಯಾರೋ ಟೀವಿ ಹಾಕಿದರು. ಗೋಡೆಯೆಲ್ಲ ನೀಲಿಯಾಯಿತು. ಮಕ್ಕಳು ಹರ್ಷಿತಾಳನ್ನೂ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತವು. ಹೌದು ಎಂದರೆ ಮೇಷ್ಟ್ರು ಗೆಲ್ಲುತ್ತಾರೆ, ಈ ಕಾರ್ಟೂನು ಇನ್ನು ಎಂದೆಂದಿಗೂ ಇಲ್ಲಿಂದ ಏಳುವುದಿಲ್ಲ. ಇಲ್ಲ ಎಂದರೆ ಬೀಗದ ಕೈ ಇಟ್ಟುಕೊಂಡಿದ್ದವಳು ಅಕ್ಕ, ನಾಳೆ ಅವಳ ಜಾಗಕ್ಕೆ ಇನ್ನೊಬ್ಬಳು.

“ನಿನ್ನೇ ಕಣ್ಲಾ ಕೇಳ್ತಿರಾದು,” ಎಂದಳು ಅಕ್ಕ. “ಹೇಳು.”

ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದೆ. ಹಿಂದಿನಿಂದ ಅವಳು ಇನ್ನೊಂದು ಸಲ ಕೂಗಿದಳು. ಹೊಂಡದ ಹತ್ತಿರ ಕಾಯುವವರು ಯಾರೂ ಇರಲಿಲ್ಲ. ನಾನು ತಿರುಗದೆ, ಕಿಂಡಿಗೆ ಅಡ್ಡ ಕೂರಲೆಂದು ಕತ್ತಾಳೆ ಬೇಲಿಯ ಕಡೆಗೆ ನಡೆದೆ.